ರತ್ಮಲಾನದ ಮ್ಯೂಸಿಯಂನಲ್ಲಿ ಅರ್ಜೆಂಟೀನಾ ವಿಮಾನ ಯಾಕಿದೆ? ಶ್ರೀಲಂಕಾ ವಾಯುಪಡೆ ಬಗ್ಗೆ ಗೊತ್ತಿದ್ದವರು ಹೇಳಿ

ಬಾಲಂಗೋಚಿ
ಹೋದ ತಿಂಗಳು ಗೆಳೆಯನ ಮದುವೆಗೆ ಅಂತ ಕೊಲಂಬೊಗೆ ಹೋಗಿದ್ದೆ. ಒಂದು ಮಧ್ಯಾಹ್ನ ಬಿಡುವು ಸಿಕ್ತು. ಮನೆಯವಳು ಸೀರೆ ಅಂಗಡಿಗೆ, ನಾನು ರತ್ಮಲಾನದ ವಾಯುಪಡೆ ಮ್ಯೂಸಿಯಂಗೆ. ಅಲ್ಲಿ ಪುಕಾರಾ ಅನ್ನೋ ವಿಮಾನ ನಿಲ್ಲಿಸಿದಾರೆ. ಚೂಪು ಮೂತಿ, ಎರಡು ಪ್ರೊಪೆಲರು, ಮಿಡತೆ ಕಾಲಿನ ಹಾಗೆ ಎತ್ತರದ ಚಕ್ರ. ನೋಡಿದ್ರೆ ಅರ್ಜೆಂಟೀನಾದ್ದು! ಸುತ್ತಮುತ್ತ ಬ್ರಿಟಿಷರದ್ದು, ರಷ್ಯಾದ್ದು, ಚೀನಾದ್ದು. ಸಂತೆಯಲ್ಲಿ ಒಬ್ಬೊಬ್ಬರ ಹತ್ರ ಒಂದೊಂದು ಕಟ್ಟು ಸೊಪ್ಪು ತಗೊಂಡ ಹಾಗಿದೆ.

ಪ್ರಶ್ನೆ ಎರಡು. ಒಂದು, ಅಷ್ಟು ದೂರದಿಂದ ಯಾಕೆ ತಂದ್ರು? ಎರಡು, ಎಲ್‌ಟಿಟಿಇ (ಪ್ರತ್ಯೇಕ ದೇಶಕ್ಕೆ ಹೋರಾಡ್ತಿದ್ದ ತಮಿಳು ಹುಲಿಗಳು) ವಿಮಾನ ತಂದು ಬಾಂಬ್ ಹಾಕಿದ್ದು 2007ರಲ್ಲಿ. ಅಲ್ಲೀತನಕ ಆಕಾಶ ಪೂರ್ತಿ ಸರ್ಕಾರದ್ದೇ. ಆದ್ರೂ ಯುದ್ಧ 26 ವರ್ಷ ಎಳೀತು. ಹಾಗಾದ್ರೆ ಈ ವಾಯುಪಡೆ ಅಷ್ಟು ವರ್ಷ ಮಾಡಿದ್ದೇನು?

ಕಲ್ಲಂಗಡಿ
ಗೂಗಲ್ ಮಾಡು ಗುರು.

ಬಾಲಂಗೋಚಿ
ಮಾಡಿದೆ ಗುರು. ಸಿಕ್ಕಿದ್ದು ಎರಡೇ ಥರದ್ದು. ಒಂದ್ಕಡೆ ಬರೀ ಜೈಕಾರ, ಇನ್ನೊಂದ್ಕಡೆ ಬರೀ ಶಾಪ.

ಹಳೇ ರೇಡಿಯೋ
ಸ್ವಲ್ಪ ಹಿಂದಿನಿಂದ ಬರ್ತೀನಿ, ಬೇಜಾರಾಗಬೇಡಿ.

1951ರ ಮಾರ್ಚ್ 2ಕ್ಕೆ ರಾಯಲ್ ಸಿಲೋನ್ ಏರ್‌ಫೋರ್ಸ್ ಅಂತ ಶುರುವಾದದ್ದು. ದೇಶ 1972ರಲ್ಲಿ ಗಣರಾಜ್ಯ ಆದಾಗ ‘ರಾಯಲ್’ ಹೋಯ್ತು, ‘ಸಿಲೋನ್’ ಕೂಡ ಹೋಯ್ತು. ಯುದ್ಧ ಅನ್ನೋದನ್ನ ಅವರು ಮೊದಲು ನೋಡಿದ್ದು ತಮಿಳರ ಜೊತೆ ಅಲ್ಲ, 1971ರ ಏಪ್ರಿಲ್‌ನಲ್ಲಿ ಸಿಂಹಳ ಯುವಕರ ಎಡಪಂಥೀಯ ಪಕ್ಷ ಜೆವಿಪಿಯ ದಂಗೆಯಲ್ಲಿ. ಖರ್ಚು ಜಾಸ್ತಿ ಅಂತ ಮೂಲೆಗೆ ತಳ್ಳಿದ್ದ ಜೆಟ್ ಪ್ರೊವೊಸ್ಟ್‌ಗಳ ಧೂಳು ಒರೆಸಿ ಹಾರಿಸಿದ್ರು. ಭಾರತ ಹೆಲಿಕಾಪ್ಟರ್ ಕಳಿಸ್ತು. ಪಾಕಿಸ್ತಾನವೂ ಕಳಿಸ್ತು. ಸೋವಿಯತ್‌ನವರು ಮಿಗ್-17 ಕೊಟ್ರು. ಅದೇ ವರ್ಷ ಪೂರ್ವ ಪಾಕಿಸ್ತಾನದ ವಿಷಯಕ್ಕೆ ನಾವೂ ಪಾಕಿಸ್ತಾನವೂ ಹೊಡೆದಾಡಿದ್ವಿ ಅನ್ನೋದನ್ನ ನೆನೆಸಿಕೊಳ್ಳಿ!

ದಂಗೆ ಮುಗೀತು, ದುಡ್ಡೂ ಮುಗೀತು. 70ರ ದಶಕದಲ್ಲಿ ವಾಯುಪಡೆ ಹೆಲಿಟೂರ್ಸ್ ಅಂತ ಹೆಸರಿಟ್ಕೊಂಡು ವಿದೇಶಿ ಪ್ರವಾಸಿಗರನ್ನ ಹೆಲಿಕಾಪ್ಟರಲ್ಲಿ ಸುತ್ತಾಡಿಸಿ ಕಾಸು ಮಾಡ್ತಿತ್ತು. ಜೋಕ್ ಅಲ್ಲ, ನಿಜ.

ಇಂಥಾ ಹೊತ್ತಲ್ಲಿ 1983ರ ಜುಲೈ 23ರ ರಾತ್ರಿ ಜಾಫ್ನಾದ ತಿರುನೆಲ್ವೇಲಿಯಲ್ಲಿ 13 ಸೈನಿಕರನ್ನ ಹುಲಿಗಳು ಕೊಂದ್ರು, ಕೊಲಂಬೊದಲ್ಲಿ ತಮಿಳರ ಮನೆ ಅಂಗಡಿಗೆ ಬೆಂಕಿ ಬಿತ್ತು. ಆಗ ವಾಯುಪಡೆ ಹತ್ರ ಹಾರಿಸೋ ಸ್ಥಿತಿಯಲ್ಲಿ ಒಂದು ಫೈಟರ್ ಜೆಟ್ಟೂ ಇರ್ಲಿಲ್ಲ. ಇದ್ದದ್ದರಲ್ಲೇ ಹೊಲಿಗೆ ಹಾಕಿದ್ರು. ಬೆಲ್ 212 ಹೆಲಿಕಾಪ್ಟರ್ ಬಾಗಿಲಿಗೆ ಮೆಷಿನ್ ಗನ್. 1985ರಲ್ಲಿ ಇಟಲಿಯ ಸಿಯಾಯಿ ಮಾರ್ಕೆಟ್ಟಿ ಬಂತು. ಅದು ಹುಡುಗರಿಗೆ ಹಾರೋದು ಕಲಿಸೋ ವಿಮಾನ, ಅದರ ರೆಕ್ಕೆ ಕೆಳಗೆ ರಾಕೆಟ್. ಚೀನಾದ ವೈ-12 ಜನ ಸಾಮಾನು ಸಾಗಿಸೋ ವಿಮಾನ, ಅದಕ್ಕೆ ಅಲ್ಲೇ ಬಾಂಬ್ ರ‍್ಯಾಕ್ ಕೂರಿಸಿದ್ರು. ನಿಜವಾದ ಫೈಟರ್ ಅಂತ ಚೀನಾದ ಎಫ್-7 ಬಂದದ್ದು 1991ರಲ್ಲಿ.

ಧಾರವಾಡ ಪೇಡೆ
ಅಂದ್ರ ಟ್ರ್ಯಾಕ್ಟರ್‌ಗೆ ಫಿರಂಗಿ ಕಟ್ಟಿದಂಗ ಆತಲ್ರೀ.

ನಟ್ಟು ಬೋಲ್ಟು
ಪುಕಾರಾ ಪ್ರಶ್ನೆಗೆ ನಾನು ಹೇಳ್ತೀನಿ. 22 ವರ್ಷ ವಿಮಾನದ ಹೊಟ್ಟೆ ಕೆಳಗೆ ಮಲಗಿ ಕೆಲಸ ಮಾಡಿದವನು, ನಮ್ಮ ದೇಶದಲ್ಲೇ.

ಪುಕಾರಾ ಮಾಡಿದ್ದೇ ಇಂಥ ಯುದ್ಧಕ್ಕೆ. ಮಣ್ಣಿನ ರನ್‌ವೇ ಸಾಕು, ನಿಧಾನಕ್ಕೆ ಕೆಳಗೆ ಹಾರುತ್ತೆ, ಎರಡು 20 ಮಿ.ಮೀ. ಫಿರಂಗಿ, ನಾಲ್ಕು ಮೆಷಿನ್ ಗನ್. ಪಶ್ಚಿಮದ ದೇಶಗಳು ಆಯುಧ ಮಾರೋಕೆ ಹಿಂದೆಮುಂದೆ ನೋಡ್ತಿದ್ವು. ಯಾರು ಕೊಡ್ತಾರೋ ಅವರ ಹತ್ರ ಕೊಂಡರು, ಅಷ್ಟೇ. 1993ರಲ್ಲಿ ನಾಲ್ಕು ಬಂದ್ವು. ಒಂದನ್ನ 1995ರ ಜುಲೈನಲ್ಲಿ ಹುಲಿಗಳು ಕ್ಷಿಪಣಿ ಬಿಟ್ಟು ಉರುಳಿಸಿದ್ರು, ಮುಂದೆ ಇನ್ನೆರಡು ಹೋದ್ವು. ಉಳಿದ ಒಂದೇ ಒಂದಕ್ಕೆ ಬಿಡಿಭಾಗ ಎಲ್ಲಿಂದ ತರೋದು? 1999ಕ್ಕೆ ನಿಲ್ಲಿಸಿಬಿಟ್ರು. ನೀವು ನೋಡಿದ್ದು ಆ ಒಂಟಿ.

ಪೈಲಟ್‌ಗಳ ಕಥೆ ಎಲ್ರೂ ಹೇಳ್ತಾರೆ. ನಾನು ಯೋಚಿಸೋದು ಆ ಹ್ಯಾಂಗರಿನ ಟೂಲ್‌ಬಾಕ್ಸ್ ಬಗ್ಗೆ. ಬೆಲ್‌ಗೆ ಇಂಚಿನ ಸ್ಪ್ಯಾನರು, ರಷ್ಯಾದ ಎಂಐ-17 ಹೆಲಿಕಾಪ್ಟರಿಗೆ ಎಂಎಂ ಸ್ಪ್ಯಾನರು. ಒಂದರ ಮೇಲೆ ರಷ್ಯನ್ ಅಕ್ಷರ, ಇನ್ನೊಂದರ ಮೇಲೆ ಚೀನೀ ಅಕ್ಷರ. ಒಂದರ ಹೈಡ್ರಾಲಿಕ್ ಎಣ್ಣೆ ಇನ್ನೊಂದಕ್ಕೆ ಹಾಕಿದ್ರೆ ಸೀಲ್ ಉಬ್ಬಿ ಕೂತ್ಕೊಳ್ಳುತ್ತೆ. ಕತ್ತಲಲ್ಲಿ, ಮಳೆಯಲ್ಲಿ, ಬೆಳಗ್ಗೆ ಐದಕ್ಕೆ ವಿಮಾನ ರೆಡಿ ಬೇಕು ಅಂತ ಮೇಲಿನವರು ತಲೆ ಮೇಲೆ ನಿಂತಾಗ ಏನಾಗುತ್ತೆ ಅಂತ ನಂಗೆ ಗೊತ್ತು. ಆರೇಳು ದೇಶದ ವಿಮಾನ ಇಟ್ಕೊಂಡು ಸಂಸಾರ ಮಾಡಿದ್ದೇ ದೊಡ್ಡದು.

ತೆಂಕಣ ಗಾಳಿ
ಎರಡನೇ ಪ್ರಶ್ನೆಗೆ: ಆಕಾಶ ಅವರದ್ದೇ ಇರ್ಲಿಲ್ಲ ಮಾರಾಯ್ರೇ. 1995ರ ಏಪ್ರಿಲ್ ನೋಡಿ. 19ಕ್ಕೆ ಕದನವಿರಾಮ ಮುರೀತು, ತ್ರಿಂಕೋಮಲಿಯಲ್ಲಿ ನೌಕಾಪಡೆಯ ಎರಡು ಹಡಗು ಮುಳುಗಿಸಿದ್ರು. 28, 29ಕ್ಕೆ ಜಾಫ್ನಾದ ಪಲಾಲಿ ವಾಯುನೆಲೆ ಹತ್ತಿರ ಜನ ಸಾಗಿಸುವ ಎರಡು ಆವ್ರೊ ವಿಮಾನ ಬಿದ್ವು, ಒಂದರ ಹಿಂದೆ ಒಂದು. ಸತ್ತವರು ಹತ್ತಿರ ಹತ್ತಿರ ನೂರು ಜನ. ಭುಜದ ಮೇಲೆ ಇಟ್ಟು ಹೊಡೆಯುವ ಎಸ್‌ಎ-7 ಕ್ಷಿಪಣಿ ಹುಲಿಗಳ ಕೈಗೆ ಬಂದದ್ದು ಲೋಕಕ್ಕೆ ಗೊತ್ತಾದದ್ದು ಆವಾಗಲೇ. ಮೊದಲನೆಯದು ಬಿದ್ದಾಗ ಯಂತ್ರ ಕೆಟ್ಟಿರಬೇಕು ಅಂದ್ಕೊಂಡವರೂ ಇದ್ರು. ಮರುದಿನ ಎರಡನೆಯದು ಬಿದ್ದ ಮೇಲೆ ಯಾರಿಗೂ ಸಂಶಯ ಉಳೀಲಿಲ್ಲ.

ಅದೂ ಎಂಥ ಹೊತ್ತಿಗೆ? ಜಾಫ್ನಾಕ್ಕೆ ರಸ್ತೆ ಇಲ್ಲ. ಎ-9 ಹೆದ್ದಾರಿ ಹುಲಿಗಳ ಕೈಯಲ್ಲಿ ಉಂಟು. ಅಕ್ಕಿ, ಗುಂಡು, ರಜೆಗೆ ಹೋಗುವ ಸಿಪಾಯಿ, ಗಾಯಾಳು, ಹೆಣ, ಎಲ್ಲ ಹೋಗೋದು ಬರೋದು ಹಡಗಲ್ಲಿ, ಇಲ್ಲ ವಿಮಾನದಲ್ಲಿ. 1995ರ ಡಿಸೆಂಬರಲ್ಲಿ ಸೈನ್ಯ ಜಾಫ್ನಾ ಪಟ್ಟಣ ಹಿಡೀತಲ್ಲ, ಆಮೇಲೆ ಅಲ್ಲಿ ಹತ್ತಾರು ಸಾವಿರ ಸಿಪಾಯಿಗಳು. ಅಷ್ಟು ಜನರನ್ನ ವರ್ಷಗಟ್ಟಲೆ ಸಾಕಬೇಕಲ್ಲ! ನನ್ನ ಪ್ರಕಾರ ಈ ವಾಯುಪಡೆಯ ನಿಜವಾದ ಕೆಲಸ ಲಾರಿ ಕೆಲಸ. ಬಾಂಬ್ ಹಾಕಿದ್ದು ಪೇಪರಲ್ಲಿ ಬಂತು, ಅಕ್ಕಿ ಮೂಟೆ ಬರಲಿಲ್ಲ.

ಹಳೇ ರೇಡಿಯೋ
+1. ಅದಕ್ಕೂ ಮುಂಚೆ 1990ರಲ್ಲಿ ಜಾಫ್ನಾ ಕೋಟೆ. ಡಚ್ಚರ ಕಾಲದ ಕೋಟೆಯೊಳಗೆ ಸೈನಿಕರು ಪೊಲೀಸರು ಸಿಕ್ಕಿಹಾಕಿಕೊಂಡಿದ್ರು, ಸುತ್ತ ಹುಲಿಗಳು. ಜುಲೈನಲ್ಲಿ ಒಂದು ಬೆಲ್ 212 ಕೋಟೆಯೊಳಗೇ ಇಳಿದು ಗಾಯಾಳುಗಳನ್ನ ಎತ್ಕೊಂಡು ಬಂತು. ಸೆಪ್ಟೆಂಬರ್‌ನಲ್ಲಿ ಕೋಟೆಯನ್ನೇ ಬಿಟ್ಟು ಬಂದ್ರು, ಅದು ಬೇರೆ ಮಾತು.

ಜಾಲಹಳ್ಳಿ ಜಗಲಿ
ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ, ಯಾರೂ ಹೇಳ್ತಿಲ್ಲ. 1987ರ ಜೂನ್ 4. ಆಪರೇಷನ್ ಪೂಮಾಲೈ. ಐದು ಎಎನ್-32 ವಿಮಾನ ಜಾಫ್ನಾ ಮೇಲೆ 25 ಟನ್‌ನಷ್ಟು ಆಹಾರ, ಔಷಧಿ ಸುರಿದು ಬಂದ್ವಲ್ಲ, ಅವು ಹೊರಟಿದ್ದು ಬೆಂಗಳೂರಿಂದ. ಕಾವಲಿಗೆ ಮಿರಾಜ್ 2000.

ನಾವಾಗ ಮುರುಗೇಶಪಾಳ್ಯದಲ್ಲಿ ಇದ್ವಿ, ನಾನು ಒಂಬತ್ತನೇ ಕ್ಲಾಸ್. ವಿಮಾನದ ಸದ್ದು ನಮಗೆ ಕಾಗೆ ಕೂಗಿದಷ್ಟೇ ಮಾಮೂಲು. ಅವತ್ತು ಮಧ್ಯಾಹ್ನ ತಾರಸಿ ಮೇಲೆ ಅಮ್ಮ ಹಪ್ಪಳ ಒಣಗಿಸಿದ್ಲು, ಕಾಯೋಕೆ ನನ್ನ ಕೂರಿಸಿದ್ಲು. ದಪ್ಪ ಹೊಟ್ಟೆಯ ವಿಮಾನ ಒಂದಾದ ಮೇಲೊಂದು ಎದ್ದು ತೆಂಕು ದಿಕ್ಕಿಗೆ ತಿರುಗಿದ್ವು. ‘ಅಮ್ಮಾ ಐದು’ ಅಂದೆ. ‘ಹಪ್ಪಳ ಎಣಿಸು’ ಅಂದ್ಲು. ಮರುದಿನ ಪೇಪರ್ ನೋಡಿ ಅಪ್ಪ ನನ್ನನ್ನೇ ಏನೋ ದೊಡ್ಡ ಗೂಢಚಾರನ ಥರ ನೋಡಿದ್ರು.

ಕಲ್ಲಂಗಡಿ
ಮದ್ರಾಸಿಂದ ಅಲ್ವಾ ಹೋಗಿದ್ದು?

ಜಾಲಹಳ್ಳಿ ಜಗಲಿ
ಅಲ್ಲ. ನೀವು ದೋಣಿ ಜೊತೆ ಕಲಸಿಕೊಂಡ್ರಿ. ಹಿಂದಿನ ದಿನ ರಾಮೇಶ್ವರದ ಕಡೆಯಿಂದ ದೋಣಿಗಳಲ್ಲಿ ಸಾಮಾನು ಕಳಿಸಿದ್ರು, ಲಂಕಾ ನೌಕಾಪಡೆ ತಡೆದು ವಾಪಸ್ ಕಳಿಸ್ತು. ಅದಕ್ಕೇ ವಿಮಾನ.

ಹಳೇ ರೇಡಿಯೋ
ಇಲ್ಲಿ ಒಂದು ವಿಷಯ. ಆಗ ಲಂಕಾ ಸೈನ್ಯ ಜಾಫ್ನಾ ಕಡೆಯ ವಡಮರಾಚ್ಚಿಯಲ್ಲಿ ಹುಲಿಗಳನ್ನ ಮೂಲೆಗೆ ಒತ್ತಿತ್ತು. ನಮ್ಮ ವಿಮಾನ ತಡೆಯೋಕೆ ಅವರ ಹತ್ರ ಏನೂ ಇರ್ಲಿಲ್ಲ. ಮಿರಾಜ್ ಎದುರಿಗೆ ಮಾರ್ಕೆಟ್ಟಿ ಏನು ಮಾಡುತ್ತೆ? ಮುಂದೆ ಜುಲೈ 29ಕ್ಕೆ ಭಾರತ-ಶ್ರೀಲಂಕಾ ಒಪ್ಪಂದ, ನಮ್ಮ ಶಾಂತಿಪಾಲನಾ ಪಡೆ ಐಪಿಕೆಎಫ್ ಹೋಯ್ತು, 1990ರ ಮಾರ್ಚಲ್ಲಿ ವಾಪಸ್ ಬಂತು. ಮುಂದಿನ ವರ್ಷವೇ ಎಫ್-7. ಜೆಟ್ ಬೇಕೇ ಬೇಕು ಅಂತ ಅವರ ತಲೇಲಿ ಕೂತಿದ್ದಕ್ಕೆ ಆ ಜೂನ್ 4 ಒಂದು ಕಾರಣ ಅಂತ ನನ್ನ ಊಹೆ. ಊಹೆ ಅಷ್ಟೇ.

ಮಾವಿನ ಓಟೆ
ಬೆಂಗಳೂರು ಅಂದ್ರೆ ಕೋಣನಕುಂಟೆನೂ ನೆನಪಾಗುತ್ತೆ. 1991ರ ಆಗಸ್ಟು, ರಾಜೀವ್ ಗಾಂಧಿ ಹತ್ಯೆ ಮಾಡಿದ ಶಿವರಾಸನ್ ಗುಂಪು ಅಡಗಿದ್ದ ಮನೆ. ನಮ್ಮ ದೊಡ್ಡಪ್ಪ ಅದೇ ರಸ್ತೇಲಿ ಸೈಟ್ ಬಿಟ್ಟುಕೊಟ್ಟಿದ್ರು, ಆ ಏರಿಯಾ ಸರಿ ಇಲ್ಲ ಅಂತ. ಇವತ್ತು ಆ ಸೈಟಿನ ರೇಟ್ ಕೇಳಬೇಡಿ 😭

ಧಾರವಾಡ ಪೇಡೆ
ಕೇಳ್ತೀನ್ರೀ, ಎಷ್ಟದ?

ನಿರ್ವಾಹಕ
ಸೈಟು ವ್ಯಾಪಾರಕ್ಕೆ ಬೇರೆ ಎಳೆ ಇದೆ. ವಿಮಾನಕ್ಕೆ ಬನ್ನಿ.

ಟೊರಾಂಟೊ ಕನ್ನಡತಿ
ನೀವೆಲ್ಲ ಮೇಲಿಂದ ಹೇಳ್ತಿದೀರಿ. ಕೆಳಗಿಂದಲೂ ಒಂದು ಮಾತು.

ನನ್ನ ಆಫೀಸಲ್ಲಿ ಒಬ್ಬರು ಜಾಫ್ನಾದವರು, ಅಣ್ಣ ಅಂತೀನಿ. ಅವರ ಬಾಯಲ್ಲಿ ಎಫ್-7, ಮಿಗ್ ಅಂತೆಲ್ಲ ಬರಲ್ಲ. 1996ರಲ್ಲಿ ಇಸ್ರೇಲಿನಿಂದ ಕ್ಫೀರ್ ಬಂದ ಮೇಲೆ ಜೆಟ್ ಯಾವುದೇ ಇರಲಿ, ಊರವರಿಗೆ ‘ಕಿಪೀರ್’. ಅದಕ್ಕೆ ಮುಂಚಿನದ್ದೆಲ್ಲ ‘ಬೊಮ್ಮರ್’, ಹೆಲಿಕಾಪ್ಟರ್ ‘ಹೆಲಿ’. ಮನೆ ಹಿತ್ತಿಲಲ್ಲಿ ಎಲ್ ಆಕಾರಕ್ಕೆ ಗುಂಡಿ ತೋಡಿ, ಮೇಲೆ ತಾಳೆಮರದ ದಿಮ್ಮಿ ಅಡ್ಡ ಹಾಕಿ, ಮರಳು ಚೀಲ ಪೇರಿಸ್ತಿದ್ರಂತೆ. ಮಳೆಗಾಲದಲ್ಲಿ ಅದರೊಳಗೆ ಮೊಣಕಾಲುದ್ದ ನೀರು, ಹಾವು. ‘ಒಳಗೆ ಹಾವು, ಹೊರಗೆ ಬೊಮ್ಮರ್, ಅಜ್ಜಿ ಹಾವಿನ ಜೊತೆ ಇರೋದೇ ವಾಸಿ ಅಂತಿದ್ರು’ ಅಂತ ಒಮ್ಮೆ ಊಟದ ಹೊತ್ತಲ್ಲಿ ಹೇಳಿದ್ರು. ಗನ್ ಹಿಡಿದವನು ಯಾವ ಮನೆಯಲ್ಲಿದಾನೆ ಅಂತ ಅಷ್ಟು ಮೇಲಿಂದ ಹೇಗೆ ಗೊತ್ತಾಗುತ್ತೆ ಹೇಳಿ. 1995ರ ಜುಲೈ 9ಕ್ಕೆ ನವಾಲಿಯ ಸೇಂಟ್ ಪೀಟರ್ಸ್ ಚರ್ಚಿನಲ್ಲಿ ಆಶ್ರಯ ತಗೊಂಡಿದ್ದವರ ಮೇಲೆ ಬಾಂಬು ಬಿತ್ತು. ನೂರಕ್ಕೂ ಮೇಲೆ ಸತ್ತರು ಅಂತ ಊರವರ ಲೆಕ್ಕ. ಬಾಲಂಗೋಚಿ ಅವರೇ, ಅವತ್ತು ಬಂದದ್ದು ನೀವು ಮ್ಯೂಸಿಯಂನಲ್ಲಿ ನೋಡಿದ ಆ ಪುಕಾರಾ ಜಾತಿಯದ್ದೇ ಅಂತಾರೆ.

ಬಾಲಂಗೋಚಿ
ಇದು ಗೊತ್ತಿರ್ಲಿಲ್ಲ. ಅದರ ಮುಂದೆ ನಿಂತು ಸೆಲ್ಫಿ ತಗೊಂಡಿದ್ದೆ.

ರೆಕ್ಕೆ ಬಡಿತ
ಮೇಡಂ, ಒಪ್ತೀನಿ, ಆದ್ರೆ ಇನ್ನೊಂದು ಕಡೇನೂ ಹೇಳಿ. ಸೆಪ್ಟೆಂಬರ್ 1998, ಲಯನೇರ್ ವಿಮಾನ ಜಾಫ್ನಾದಿಂದ ಕೊಲಂಬೊಗೆ ಬರ್ತಿತ್ತು, 55 ಜನ, ಮನ್ನಾರ್ ಕಡೆ ಸಮುದ್ರಕ್ಕೆ ಬಿತ್ತು. ಅದರಲ್ಲಿ ಹೋಗ್ತಿದ್ದವರೂ ಬಹಳ ಮಟ್ಟಿಗೆ ತಮಿಳರೇ. ಹೊಡೆದವರು ಹುಲಿಗಳು. ಅವಶೇಷ ಸಿಕ್ಕಿದ್ದು 2012ರಲ್ಲಿ.

ಟೊರಾಂಟೊ ಕನ್ನಡತಿ
ಹೇಳಬಾರದು ಅಂದೆನಾ? ಅದೂ ಸೇರಿಸ್ಕೊಳ್ಳಿ. ಒಂದು ಹೆಣ ಇನ್ನೊಂದು ಹೆಣವನ್ನ ವಜಾ ಮಾಡಲ್ಲ.

ತೆಂಕಣ ಗಾಳಿ
2001ರ ಜುಲೈ 24 ಯಾರೂ ಎತ್ತಲಿಲ್ಲ. ಕೊಲಂಬೊ ಹತ್ತಿರದ ಕಟುನಾಯಕ ವಾಯುನೆಲೆ. 14 ಜನ ಕರಿ ಹುಲಿಗಳು (ಹುಲಿಗಳ ಆತ್ಮಾಹುತಿ ದಳ) ನಸುಕಿಗೆ ಮುಂಚೆ ನುಗ್ಗಿ 8 ಮಿಲಿಟರಿ ವಿಮಾನ ಸುಟ್ಟರು: ಕ್ಫೀರ್ ಎರಡು, ಮಿಗ್-27 ಒಂದು, ಹೆಲಿಕಾಪ್ಟರ್ ಎರಡು, ತರಬೇತಿಯ ಕೆ-8 ಮೂರು. ಪಕ್ಕದಲ್ಲೇ ಪ್ರಯಾಣಿಕರ ನಿಲ್ದಾಣ, ಅಲ್ಲಿ ಶ್ರೀಲಂಕನ್ ಏರ್‌ಲೈನ್ಸ್‌ನ ಏರ್‌ಬಸ್‌ಗಳೂ ಹೋದ್ವು. ಹಿಂದಿನ ವರ್ಷವಷ್ಟೇ ಜಾಫ್ನಾಕ್ಕೆ ಬಾಗಿಲಿನಂತಿದ್ದ ಆನೆಯಿರವು ಸೇನಾನೆಲೆ ಕೈಬಿಟ್ಟು ಹೋದ ಗಾಬರಿಯಲ್ಲಿ, ಇಸ್ರೇಲ್ ಜೊತೆ ಮುರಿದಿದ್ದ ಸಂಬಂಧ ಮತ್ತೆ ಕಟ್ಟಿ ಇನ್ನಷ್ಟು ಕ್ಫೀರ್, ಉಕ್ರೇನ್‌ನಿಂದ ಮಿಗ್ ತಂದಿದ್ರು. ತಂದದ್ದು ಹ್ಯಾಂಗರಲ್ಲೇ ಬೂದಿ.

ವಿಮೆ ಕಂಪನಿಯವರು ಯುದ್ಧ ಅಪಾಯ ಅಂತ ಪ್ರೀಮಿಯಂ ಏರಿಸಿದ್ರು. ಪ್ರವಾಸಿಗರು ಬರೋದು ನಿಲ್ಲಿಸಿದ್ರು. ಆ ವರ್ಷ ಲಂಕೆಯ ಆರ್ಥಿಕತೆ ಸ್ವಾತಂತ್ರ್ಯ ಬಂದ ಮೇಲೆ ಮೊದಲ ಸಲ ಕುಗ್ಗಿತು. ಮರುವರ್ಷ ಫೆಬ್ರವರಿಯಲ್ಲಿ ಕದನವಿರಾಮ. ನೆಲದ ಮೇಲೆ ನಿಂತ ವಿಮಾನ ಕೋಳಿಗೂಡಿನ ಕೋಳಿ ಇದ್ದ ಹಾಗೆ ನೋಡಿ.

ಗುಂಡಿ ಬಿಟ್ಟ ಅಂಗಿ
ನಾನು 2006ರಿಂದ 2008ರವರೆಗೆ ಕೊಲಂಬೊದಲ್ಲಿ ಗಾರ್ಮೆಂಟ್ ಫ್ಯಾಕ್ಟರಿ ಕೆಲಸದಲ್ಲಿದ್ದೆ. ಹುಲಿಗಳ ವಿಮಾನ ಬಂದ ರಾತ್ರಿ ಅಂದ್ರೆ ವರ್ಲ್ಡ್ ಕಪ್ ಫೈನಲ್! 2007ರ ಏಪ್ರಿಲ್ 28, ಮ್ಯಾಚು ಬಾರ್ಬಡೋಸಲ್ಲಿ, ನಮಗೆ ನಡುರಾತ್ರಿ. ಓನರ್ ಮನೆ ಹಾಲ್‌ನಲ್ಲಿ ಇಪ್ಪತ್ತು ಜನ. ಗಿಲ್‌ಕ್ರಿಸ್ಟ್ 149 ಹೊಡೆದು ಎಲ್ಲರ ಹೊಟ್ಟೆ ಉರಿಸಿ ಆಗಿತ್ತು. ಶ್ರೀಲಂಕಾ ಬ್ಯಾಟಿಂಗ್, ಇನ್ನೂ ಆಸೆ ಇತ್ತು. ಟಪ್ ಅಂತ ಕರೆಂಟ್ ಹೋಯ್ತು. ಫ್ಯಾನ್ ನಿಂತ ಮೇಲೆ ಹೊರಗಿನ ಸದ್ದು ಕೇಳಿಸ್ತು. ಬಾಲ್ಕನಿಗೆ ಬಂದ್ರೆ ಆಕಾಶದ ತುಂಬಾ ಕೆಂಪು ಚುಕ್ಕಿ ಸಾಲು, ಕೆಳಗಿಂದ ಮೇಲಕ್ಕೆ. ಮೊದಲು ಪಟಾಕಿ ಅಂದ್ಕೊಂಡೆ, ವಿಕೆಟ್ ಹೋಗಿಲ್ಲ, ಸಿಕ್ಸರ್ ಹೊಡೆದಿರಬೇಕು ಅಂತ. ಓನರ್ ಹೆಂಡತಿ ನಮ್ಮನ್ನೆಲ್ಲ ಒಳಗೆ ಎಳೆದು ಮೆಟ್ಟಿಲ ಕೆಳಗೆ ಕೂರಿಸಿದ್ರು. ಅವರ ಎಂಟು ವರ್ಷದ ಮಗ ಕತ್ತಲಲ್ಲಿ ಕೇಳ್ತಾನೆ, ‘ಸಂಗ ಔಟಾದ್ನಾ?’

ಆಮೇಲೆ ಗೊತ್ತಾಯ್ತು, ಕೊಲೊನ್ನಾವೆಯ ತೈಲ ಟ್ಯಾಂಕು ಮತ್ತೆ ಕೆರವಲಪಿಟಿಯದ ಗ್ಯಾಸ್ ಘಟಕಕ್ಕೆ ಬಾಂಬ್ ಹಾಕೋಕೆ ಬಂದಿದ್ರು ಅಂತ. ಅದಕ್ಕೆ ತಿಂಗಳ ಹಿಂದೆ, ಮಾರ್ಚ್ 26ಕ್ಕೆ, ಕಟುನಾಯಕ ನೆಲೆ ಮೇಲೆ ಮೊದಲ ದಾಳಿ ಮಾಡಿ ಮೂವರನ್ನ ಕೊಂದಿದ್ರು.

ನಟ್ಟು ಬೋಲ್ಟು
ಆ ವಿಮಾನ ಝ್ಲಿನ್ 143. ಚೆಕ್ ದೇಶದ್ದು, ನಾಲ್ಕೇ ಸೀಟು, ಒಂದೇ ಇಂಜಿನ್. ನಮ್ಮ ಫ್ಲೈಯಿಂಗ್ ಕ್ಲಬ್ಬಿನ ವಿಮಾನದ ಥರ. ಹೊಟ್ಟೆ ಕೆಳಗೆ ಕೈಯಲ್ಲೇ ಮಾಡಿದ ಬಾಂಬ್ ಹಿಡಿಕೆ. ಇದನ್ನ ಹಿಡಿಯೋದು ಕ್ಫೀರ್‌ಗೆ ಕಷ್ಟ. ಅದು ಇಷ್ಟು ನಿಧಾನ ಹಾರೋಕೆ ಹೋದ್ರೆ ತಾನೇ ಬೀಳುತ್ತೆ. ಶಾಖ ಹಿಡಿದು ಹೋಗೋ ಕ್ಷಿಪಣಿಗೂ ಆ ಪುಟ್ಟ ಇಂಜಿನ್ನಿನ ಬಿಸಿ ಸಾಲಲ್ಲ. ಬೈಕಲ್ಲಿ ಸೊಳ್ಳೆ ಅಟ್ಟಿದ ಹಾಗೆ.

ರೆಕ್ಕೆ ಬಡಿತ
ಪ್ರಪಂಚದಲ್ಲೇ ವಾಯುದಾಳಿ ಮಾಡಿದ ಮೊದಲ ಬಂಡುಕೋರ ಪಡೆ ಅದು.

ಹಳೇ ರೇಡಿಯೋ
ತಪ್ಪು. ನೈಜೀರಿಯಾದಿಂದ ಸಿಡಿದು ಹೋಗಿದ್ದ ಬಯಾಫ್ರಾ, 1969ರ ಮೇ. ಸ್ವೀಡನ್ನಿನ ಕೌಂಟ್ ಫಾನ್ ರೋಸೆನ್ ಐದು ಪುಟಾಣಿ ಎಂಎಫ್‌ಐ-9 ವಿಮಾನಕ್ಕೆ ರಾಕೆಟ್ ಕಟ್ಟಿ ನೈಜೀರಿಯಾದ ಪೋರ್ಟ್ ಹಾರ್ಕೋರ್ಟ್ ವಿಮಾನನೆಲೆ ಮೇಲೆ ಎರಗಿದ್ದ.

ರೆಕ್ಕೆ ಬಡಿತ
ಬಯಾಫ್ರಾ ತನ್ನನ್ನ ದೇಶ ಅಂತ ಕರ್ಕೊಂಡಿತ್ತು, ನಾಲ್ಕೈದು ದೇಶ ಮಾನ್ಯತೆನೂ ಕೊಟ್ಟಿದ್ವು. ಬಂಡುಕೋರ ಪಡೆ ಅನ್ನೋಕಾಗಲ್ಲ.

ಹಳೇ ರೇಡಿಯೋ
ನೈಜೀರಿಯಾದವರನ್ನ ಕೇಳಿ, ಏನಂತಾರೆ ನೋಡೋಣ.

ಜಾಲಹಳ್ಳಿ ಜಗಲಿ
ರೇಡಾರ್ ವಿಷಯ ಬರಲೇ ಇಲ್ಲ. ಲಂಕೆಗೆ ಭಾರತ ಕೊಟ್ಟಿದ್ದ ಇಂದ್ರಾ ರೇಡಾರ್‌ನ ವಿನ್ಯಾಸ ಆದದ್ದು ನಮ್ಮ ಬೆಂಗಳೂರಿನ ರೇಡಾರ್ ಸಂಶೋಧನಾ ಸಂಸ್ಥೆ ಎಲ್‌ಆರ್‌ಡಿಇಯಲ್ಲಿ. 2007ರ ದಾಳಿ ಆದ ಮೇಲೆ ಅಲ್ಲಿನ ರಕ್ಷಣಾ ಕಾರ್ಯದರ್ಶಿ ಗೊಟಬಯ ರಾಜಪಕ್ಸ, ಇದು ಎರಡು ಆಯಾಮದ್ದು, ಸಾಲದು, ಚೀನಾದ ಮೂರು ಆಯಾಮದ್ದು ಬೇಕು ಅಂದ್ರು. ಸರಳವಾಗಿ ಹೇಳೋದಾದ್ರೆ ಎರಡು ಆಯಾಮದ್ದು ದೂರ, ದಿಕ್ಕು ಹೇಳುತ್ತೆ, ಎತ್ತರ ಹೇಳಲ್ಲ. ಚೀನಾ ರೇಡಾರ್ ಪಕ್ಕದಲ್ಲಿ ಕೂತರೆ ನಮ್ಮ ದಕ್ಷಿಣ ಭಾರತದ ಆಕಾಶವೂ ಕಾಣುತ್ತಲ್ಲ ಅಂತ ದೆಹಲಿಗೆ ಸಂಕಟ. 2008ರ ಸೆಪ್ಟೆಂಬರಲ್ಲಿ ವವುನಿಯ ನೆಲೆ ಮೇಲೆ ಹುಲಿಗಳು ದಾಳಿ ಮಾಡಿದಾಗ ಭಾರತದ ಇಬ್ಬರು ರೇಡಾರ್ ತಂತ್ರಜ್ಞರಿಗೆ ಗಾಯ ಆಯ್ತು. ನಮ್ಮವರು ಅಲ್ಲಿ ಇದ್ದಾರೆ ಅಂತ ಬಹಳ ಜನಕ್ಕೆ ಗೊತ್ತಾದದ್ದೇ ಹಾಗೆ.

ಧಾರವಾಡ ಪೇಡೆ
ಒಂದ ಕೈಲೆ ಜಾಫ್ನಾಕ್ಕ ಅಕ್ಕಿ, ಇನ್ನೊಂದ ಕೈಲೆ ಕೊಲಂಬೊಕ್ಕ ರೇಡಾರ್. ಇಪ್ಪತ್ತ ವರ್ಷದಾಗ ಎಷ್ಟ ತಿರುಗಿತು ನೋಡ್ರಿ.

ರೆಕ್ಕೆ ಬಡಿತ
ಕೊನೆಗೆ ವಾಯುಪಡೆಯೇ ಗೆಲ್ಲಿಸಿತು ಅಂತ ನನ್ನ ವಾದ. 2006ರ ನಂತರ ಪೈಲಟ್ ಇಲ್ಲದ ವಿಮಾನ ಹಗಲೂ ರಾತ್ರಿ ಮೇಲಿತ್ತು, ಎಂಐ-24 ದಾಳಿ ಹೆಲಿಕಾಪ್ಟರ್ ಸೈನ್ಯದ ತಲೆ ಮೇಲೇ ಇತ್ತು, ಗಾಯಾಳು ಬೇಗ ಆಸ್ಪತ್ರೆ ಸೇರ್ತಿದ್ದ. 2007ರ ನವೆಂಬರ್ 2ಕ್ಕೆ ಹುಲಿಗಳ ರಾಜಕೀಯ ವಿಭಾಗದ ಮುಖ್ಯಸ್ಥ ತಮಿಳ್‌ಸೆಲ್ವನ್ ಇದ್ದ ಜಾಗಕ್ಕೇ ಗುರಿಯಿಟ್ಟು ಹೊಡೆದ್ರು.

ತೆಂಕಣ ಗಾಳಿ
ಅದಕ್ಕೆ ಹನ್ನೊಂದು ದಿನ ಮುಂಚೆ, ಅಕ್ಟೋಬರ್ 22ಕ್ಕೆ, ಅನುರಾಧಪುರ ನೆಲೆಗೆ 21 ಜನ ಕರಿ ಹುಲಿಗಳು ನುಗ್ಗಿ ವಿಮಾನಗಳ ಸಾಲನ್ನೇ ಸುಟ್ಟರಲ್ಲ, ಅದು ಲೆಕ್ಕಕ್ಕಿಲ್ವಾ? ಗೆಲ್ಲಿಸಿದ್ದು ಮೂರು ಸಂಗತಿ. 2004ರಲ್ಲಿ ಹುಲಿಗಳ ಪೂರ್ವ ಭಾಗದ ಕಮಾಂಡರ್ ಕರುಣಾ ಹುಲಿಗಳಿಂದ ಒಡೆದು ಹೋದ. ನೌಕಾಪಡೆ ದೂರದ ಸಮುದ್ರಕ್ಕೆ ಹೋಗಿ ಆಯುಧ ತುಂಬಿದ ಹಡಗು ಮುಳುಗಿಸಿತು. ಸೈನ್ಯಕ್ಕೆ ಜನ ಸಿಕ್ಕರು. ವಾಯುಪಡೆ ಜೊತೆಗಿತ್ತು, ಇಲ್ಲ ಅನ್ನಲ್ಲ.

ಟೊರಾಂಟೊ ಕನ್ನಡತಿ
‘ಗುರಿಯಿಟ್ಟು’ ಅಂತೀರಿ. 2006ರ ಆಗಸ್ಟ್ 14, ಸೆಂಚೋಲೈ ಅನ್ನೋ ಜಾಗದ ಮೇಲೆ ವಾಯುಪಡೆ ಬಾಂಬ್ ಹಾಕ್ತು. ಸತ್ತವರು ಹದಿಹರೆಯದ ಹುಡುಗಿಯರು. ಅದು ಹುಲಿಗಳ ತರಬೇತಿ ಶಿಬಿರ ಅಂತ ಸರ್ಕಾರ, ಪ್ರಥಮ ಚಿಕಿತ್ಸೆ ಕಲಿಯೋಕೆ ಬಂದ ಶಾಲೆ ಮಕ್ಕಳು ಅಂತ ಹುಲಿಗಳು. ಇವತ್ತಿಗೂ ಅದೇ ಜಗಳ. 2009ರ ಕೊನೆ ತಿಂಗಳುಗಳದ್ದು ಕೇಳಲೇಬೇಡಿ. 40,000 ನಾಗರಿಕರು ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಬರೀತು, ಕೊಲಂಬೊ ಒಪ್ಪಲ್ಲ.

ರೆಕ್ಕೆ ಬಡಿತ
ಸರಿ ಮೇಡಂ. ನಾನು ಯಂತ್ರದ ಬಗ್ಗೆ ಹೇಳ್ತಿದ್ದೆ.

ಗುಂಡಿ ಬಿಟ್ಟ ಅಂಗಿ
ನಿಮ್ಮ ಆಫೀಸಿನ ಅಣ್ಣ ಈಗ ಹೇಗಿದಾರೆ?

ಟೊರಾಂಟೊ ಕನ್ನಡತಿ
ಚೆನ್ನಾಗಿದಾರೆ. ಎರಡು ಮಕ್ಕಳು, ಮನೆ ಸಾಲ, ಎಲ್ಲರ ಹಾಗೆ. ಇಲ್ಲಿ ಪ್ರತಿ ವರ್ಷ ಸೆಪ್ಟೆಂಬರ್ ಶುರುವಲ್ಲಿ, ಲೇಬರ್ ಡೇ ವಾರಾಂತ್ಯಕ್ಕೆ, ಕೆರೆ ದಂಡೆ ಮೇಲೆ ಏರ್ ಶೋ ಇರುತ್ತೆ, ಜೆಟ್‌ಗಳು ಊರ ಮೇಲೆ ತೀರಾ ಕೆಳಗೆ ಹಾರ್ತವೆ. ನಾವೆಲ್ಲ ಮಕ್ಕಳನ್ನ ಹೆಗಲ ಮೇಲೆ ಕೂರಿಸ್ಕೊಂಡು ನೋಡ್ತೀವಿ. ಅವರು ಶುಕ್ರವಾರ ಸಂಜೆಯೇ ಕಾರು ತಗೊಂಡು ಊರು ಬಿಟ್ಟು ಹೋಗ್ತಾರೆ, ಬರೋದು ಮಂಗಳವಾರ.

ನಟ್ಟು ಬೋಲ್ಟು
ಬಾಲಂಗೋಚಿ, ಆ ಪುಕಾರಾದ್ದು ಫೋಟೊ ಇದ್ರೆ ಹಾಕಿ. ಮೂತಿ ಕೆಳಗಿನ ಚಕ್ರದ ಕಡೆಯದ್ದು ಬೇಕು.

ಬಾಲಂಗೋಚಿ
ಒಂದು ಸೆಲ್ಫಿ ಇತ್ತು, ನಿನ್ನೆ ಡಿಲೀಟ್ ಮಾಡ್ದೆ. ಉಳಿದದ್ದೆಲ್ಲ ಸೀರೆ ಫೋಟೊ.